ಬಂಗುಡೆಯ ಮೈ

ಹಳೆಯ ಪೇಪರಿಗೆ ಮೀನಿನ ನೀರು ಇಳಿದಾಗ ಒಂದು ವಾಸನೆ ಏಳುತ್ತದೆ: ಉಪ್ಪು, ಮಸಿ, ಸ್ವಲ್ಪ ಕಬ್ಬಿಣ. ಕಾಮೋಠೆಯ ನನ್ನ ಅಡುಗೆಮನೆಯಲ್ಲಿ ಅದು ಎದ್ದರೆ ಠಾಣೆ ಪಟ್ಟಣದ ವರ್ತಕ ನಗರದಲ್ಲಿ ನಾವು ಬೆಳೆದ ಎರಡು ಕೋಣೆಯ ಮನೆ ತೆರೆದುಕೊಳ್ಳುತ್ತದೆ. ಸಾಲುಮನೆಗಳ ಆ ಚಾಳು ಈಗಿಲ್ಲ, ಅಲ್ಲಿ ಟವರ್ ನಿಂತಿದೆ. ನೆನಪು ಅಲ್ಲಿನ ಒಂದು ದಿನಕ್ಕೆ ಮಳೆ ಸೇರಿಸಲು ನೋಡುತ್ತದೆ, ನಾನು ಬಿಡುವುದಿಲ್ಲ. ಮಳೆಗಾಲದಲ್ಲಿ ಅಷ್ಟು ತಾಜಾ ಬಂಗುಡೆ ಎಲ್ಲಿಂದ ಬರಬೇಕು? ಅಕ್ಕ ಇದ್ದಳು, ಚೂರಿ ಇತ್ತು, ಅವಳನ್ನು ನೋಡಲು ಬರುವವರಿಗೆಂದು ಅಮ್ಮ ತಂದಿಟ್ಟ ಮೀನು ಇತ್ತು. ಇಷ್ಟನ್ನು ನಂಬಬಹುದು.

ಅಕ್ಕ ಹನ್ನೆರಡನೆಯ ಸೈನ್ಸ್ ಮುಗಿಸಿದ್ದಳು. ವಿಮಾನ ಕಟ್ಟುವುದನ್ನು ಓದಬೇಕು ಎಂಬುದೊಂದೇ ಅವಳ ಹಟ. ಥರ್ಮೊಕೋಲಿನಲ್ಲಿ ಅವಳು ಕೊರೆದ ವಿಮಾನಗಳ ಮೂಗು ಬಾಣದಂತೆ ಚೂಪು, ಹಿಂಭಾಗ ದಪ್ಪ. ಮಹಡಿಯ ಗ್ಯಾಲರಿಯಿಂದ ಬಿಟ್ಟರೆ ಲಗಾಟಿ ಹೊಡೆದು ಕೆಳಗಿನ ನಲ್ಲಿಯ ಹತ್ತಿರ ಬೀಳುತ್ತಿದ್ದವು. ಕಾಲೇಜಿನ ಯಾವುದೋ ಪುಸ್ತಕದಲ್ಲಿ ಅವಳು ಓದಿದ್ದಳು: ವಿಮಾನ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಒಬ್ಬಾತ ಮೀನಿನ ಸುತ್ತಳತೆಯನ್ನು ತಲೆಯಿಂದ ಬಾಲದವರೆಗೆ ಅಳೆದು, ಗಾಳಿಯನ್ನು ನೋಯಿಸದೆ ನುಸುಳುವ ಆಕಾರ ಇದೇ ಎಂದನಂತೆ. ಮುಂದೆ ದುಂಡಗೆ ತುಂಬಿ, ಹಿಂದೆ ನಿಧಾನವಾಗಿ ಸಣ್ಣಗಾಗುವ ಮೈ. "ಎಲ್ಲರೂ ಹಕ್ಕಿಯ ರೆಕ್ಕೆ ನೋಡ್ತಾರೆ. ಮೈ ಯಾರು ನೋಡ್ತಾರೆ ಹೇಳು?" ಎಂದು ಆ ದಿನ ನನ್ನನ್ನು ಕೇಳಿದಳು. ಆಮೇಲೆ ಅಮ್ಮ ತಂದಿಟ್ಟ ದೊಡ್ಡ ಬಂಗುಡೆಗಳನ್ನೆಲ್ಲ ಒಂದೇ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಒಂದೊಂದನ್ನೂ ಪೇಪರಿನ ಮೇಲೊತ್ತಿ ಪೆನ್ಸಿಲಿನಿಂದ ಸುತ್ತುಗೆರೆ ಎಳೆದಳು.

ಅಮ್ಮ ತಲೆ ಚಚ್ಚಿಕೊಂಡಳು. "ಬಂಗುಡೆಯನ್ನು ಯಾರಾದ್ರೂ ಚಕ್ರ ಮಾಡ್ತಾರಾ? ಅದೆಂಥ ಸುರ್ಮಾಯಿ ಮೀನಾ, ಬಿಲ್ಲೆ ಮಾಡ್ಲಿಕ್ಕೆ? ಇವರಿಗೆ ಮೀನು ಕೊಯ್ಯಲಿಕ್ಕೂ ಗೊತ್ತಿಲ್ಲ ಅಂತ ಊರೆಲ್ಲ ಹೇಳ್ತಾರೆ ಈಗ!" ಅಕ್ಕನ ಮುಖದಲ್ಲಿ ನಾನು ಆಸೆ ಕಂಡೆ. ಕಂಡೆ ಎಂದು ಈಗ ಅನ್ನಿಸುತ್ತದೆ. ಮೀನು ಕೆಟ್ಟರೆ ಸಂಬಂಧವೂ ಕೆಡುತ್ತದೆ, ಓದು ಉಳಿಯುತ್ತದೆ ಎಂಬ ಆಸೆ.

ಬಂದವರದು ಡೊಂಬಿವಲಿಯಲ್ಲಿ ಹೋಟೆಲು. ಹುಡುಗನ ತಾಯಿ ತಟ್ಟೆಯಲ್ಲಿದ್ದ ಬಿಲ್ಲೆಯನ್ನು ಎತ್ತಿ, ತಿರುಗಿಸಿ, ಪಕ್ಕದವರ ತುಂಡಿನ ಜೊತೆ ಹಿಡಿದು ನೋಡಿದರು. "ದಪ್ಪ ಒಂದೇ, ಏಕ್‌ದಂ ಬರೋಬರ್! ನಮ್ಮ ಭಟ್ಟನಿಗೆ ಹತ್ತು ವರ್ಷ ಹೇಳಿದ್ರೂ ಬರಲಿಲ್ಲ ಮಾರಾಯ್ರೆ. ನಮ್ಮ ಕಿಚನ್ನಿಗೆ ಇಂಥ ಕೈಯೇ ಬೇಕಿತ್ತು." ಎಲ್ಲರೂ ನಕ್ಕರು. ಅಪ್ಪ ಅಲ್ಲೇ ಮಾತು ಕೊಟ್ಟ.

ಬಂಗುಡೆಯ ಆ ಸುತ್ತುಗೆರೆಗಳಂತೆ ಅಕ್ಕ ಕೊರೆದ ವಿಮಾನ ಹಾರಿತು. ರಸ್ತೆ ದಾಟಿ, ಎದುರು ಚಾಳಿನ ಪತ್ರಾ ತಗಡಿನ ಮಾಡಿನ ಮೇಲೆ ಮೆಲ್ಲಗೆ ಇಳಿಯಿತು. ಮಕ್ಕಳೆಲ್ಲ ಕೂಗಿದೆವು. ಅಕ್ಕ ಕೂಗಿದಳೇ? ನೆನಪಿನಲ್ಲಿ ಆ ಜಾಗ ಖಾಲಿಯಿದೆ, ತುಂಬಲು ನನಗೆ ಇಷ್ಟವಿಲ್ಲ. ಮದುವೆಗೆ ಕೆಲವೇ ದಿನ ಉಳಿದಿದ್ದವು.

ಹೋದ ವರ್ಷ ಡೊಂಬಿವಲಿಯ ಪಕ್ಕದ ಕಲ್ಯಾಣದ ಆಸ್ಪತ್ರೆಯಲ್ಲಿ ಅವಳ ಕೊನೆಯ ದಿನಗಳು. ಮಧ್ಯಾಹ್ನದ ಹೊತ್ತು, ವಾರ್ಡಿನಲ್ಲಿ ನಾವಿಬ್ಬರೇ ಎಚ್ಚರ. ಚಾದರ ಸರಿಮಾಡುತ್ತ ಕೇಳಿದೆ: "ಅಕ್ಕ, ಆ ಮದುವೆ ನಿನಗೆ ಬೇಕಿತ್ತಾ?"

ಅವಳು ತಲೆ ತಿರುಗಿಸಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಬೆರಗು ಇತ್ತು.

"ಈಗ ಕೇಳ್ತೀಯಲ್ಲ ಮಾರಾಯ್ತಿ," ಎಂದಳು.

ಅಷ್ಟು ವರ್ಷಗಳಲ್ಲಿ ಅದನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ.