ಶಾಂತಿ ಹೇಳಿದ ಆಕಾಶದ ಪಿಚ್ಚರ್

ಸಿನಿಮಾ ನೋಡುವುದು ಒಬ್ಬರ ಪುಣ್ಯ, ಅದರ ಕಥೆ ಕೇಳುವುದು ಇಡೀ ಓಣಿಯ ಹಕ್ಕು ಎಂದು ಎಲ್ಲರೂ ನಂಬಿದ್ದ ಎಪ್ಪತ್ತರ ದಶಕದ ಮಾತಿದು. ನಮ್ಮ ಬಿಜ್ಜರಗಿಯಿಂದ ಯಾರಾದರೂ ವಿಜಾಪುರಕ್ಕೆ ಪಿಚ್ಚರಿಗೆ ಹೊರಟರೆ, ಅವತ್ತು ಅವರ ಆಡು-ಕುರಿಗಳನ್ನು ಓಣಿಯವರೇ ಮೇಯಿಸುತ್ತಿದ್ದರು, ಅವರ ಮನೆಯ ನೀರನ್ನೂ ತುಂಬಿಡುತ್ತಿದ್ದರು. ಅದಕ್ಕೆ ಬದಲಾಗಿ ಹೋದವರು ಮರುದಿನ ಸಂಜೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು ಕಥೆಯನ್ನು ಮೊದಲಿನಿಂದ ಕೊನೆಯತನಕ ಒಪ್ಪಿಸಬೇಕು. ಹಾಡು ಬಿಡುವಂತಿಲ್ಲ, ಹೊಡೆದಾಟ ಬಿಡುವಂತಿಲ್ಲ. ‘ನೆನಪಿಲ್ಲ’ ಎಂದವರ ಆಡನ್ನು ಮುಂದಿನ ಸಲ ಯಾರೂ ಕಾಯುತ್ತಿರಲಿಲ್ಲ.

ನಾನೀಗ ಅಜ್ಜಿ. ಆದರೂ ಆಕಾಶನೌಕೆಯ ಸಿನಿಮಾ ಹಚ್ಚಿದರೆ ಒಲೆಯ ಮೇಲಿನ ಹಾಲು ಉಕ್ಕಿದ್ದು ನನಗೆ ಗೊತ್ತಾಗುವುದಿಲ್ಲ. ಮೊಮ್ಮಕ್ಕಳ ಜೊತೆ ನನ್ನ ಜಗಳವೂ ಅದರ ಮೇಲೆಯೇ. ಹಳೆಯ ಚಿತ್ರಗಳ ನೌಕೆ ತಗಡಿನದು, ನಿಜ. ಅದನ್ನು ಎತ್ತಿ ಹಿಡಿದ ದಾರ ಕಾಣುತ್ತಿತ್ತು, ಯಂತ್ರಮಾನವನ ಒಳಗೆ ಒಬ್ಬ ಬಡಪಾಯಿ ಬೆವರುತ್ತಿರುವುದೂ ತಿಳಿಯುತ್ತಿತ್ತು. ಟಿವಿಯಲ್ಲಿ ಬರುತ್ತಿದ್ದ ಹಳೆಯ ಧಾರಾವಾಹಿಗಳಲ್ಲಂತೂ ಒಂದೇ ಗುಡ್ಡವನ್ನು ಬಣ್ಣ ಬದಲಿಸಿ ಎಲ್ಲ ಗ್ರಹಗಳಿಗೂ ಬಳಸುತ್ತಿದ್ದರು. ಆದರೆ ಅವರಿಗೆ ಆಕಾಶದ ಅಂಜಿಕೆ ಇತ್ತು, ಮರ್ಯಾದೆ ಇತ್ತು. ಹೊಸ ಗ್ರಹದಲ್ಲಿ ಕಾಲಿಡುವ ಮೊದಲು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಈಗಿನವರು ಇಳಿದ ಕೂಡಲೇ ಗುಂಡು ಹಾರಿಸುತ್ತಾರೆ. ಗಾಳಿಯೇ ಇಲ್ಲದ ಜಾಗದಲ್ಲಿ ಇಷ್ಟು ಗದ್ದಲ ಎಲ್ಲಿಂದ ಬಂತು, ನೀವೇ ಹೇಳಿ. ನನ್ನ ಮಟ್ಟಿಗೆ ಮಾತು ಕಡಿಮೆ ಇದ್ದಷ್ಟೂ ಅದು ಒಳ್ಳೆಯ ಆಕಾಶದ ಚಿತ್ರ. ಈ ಹಟ ನನಗೆ ಅಂಟಿದ್ದು ಶಾಂತಿಯಿಂದ.

ಶಾಂತಿ ನನ್ನ ದೊಡ್ಡಪ್ಪನ ಮಗಳು, ನನಗಿಂತ ತುಸು ದೊಡ್ಡವಳು. ನಮ್ಮದು ಒಂದೇ ಮನೆ, ಒಂದೇ ಒಲೆ, ಮಲಗಿದರೆ ಒಂದೇ ಕೌದಿ. ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಅವಳ ಕಿವಿ ಹೋಯಿತು, ಕಿವಿಯ ಬೆನ್ನಿಗೆ ಮಾತೂ ಹೋಯಿತು. ಮನೆಯಲ್ಲಿ ನಾವು ಅವಳೊಡನೆ ಕೈಯಲ್ಲೇ ಮಾತಾಡುತ್ತಿದ್ದೆವು. ಮೀಸೆ ತಿರುವಿದರೆ ದೊಡ್ಡಪ್ಪ, ಅಂಗೈಗೆ ಅಂಗೈ ಬಡಿದರೆ ರೊಟ್ಟಿ. ಆದರೆ ಅದೆಲ್ಲ ಬರೀ ಕೆಲಸದ ಮಾತು: ಬಾ, ಉಣ್ಣು, ಆಡು ಹೊಡೆದುಕೊಂಡು ಬಾ. ಕಟ್ಟೆಯ ಮೇಲೆ ಕಥೆ ನಡೆಯುವಾಗ ಅವಳು ನನ್ನ ಪಕ್ಕದಲ್ಲಿ ಕೂತು ಎಲ್ಲರ ಬಾಯಿ ನೋಡುತ್ತಿದ್ದಳು. ಎಲ್ಲರೂ ನಕ್ಕ ಮೇಲೆ ತಾನೂ ನಗುತ್ತಿದ್ದಳು.

ಒಂದು ಬೇಸಿಗೆಯಲ್ಲಿ ನಿಡೋಣಿಯಿಂದ ನನ್ನ ಸೋದರಮಾವ ಬಂದ. ಮಾವ ಪಿಚ್ಚರ್ ಹುಚ್ಚ, ವಿಜಾಪುರದ ಓಣಿ ಓಣಿ ಬಲ್ಲವ.

“ವಿಜಾಪುರದಾಗ ಕಿವಿ ಡಾಕ್ಟರು ಬಂದಾರಂತ. ಶಾಂತಿನ್ನ ತೋರಿಸ್ಕೊಂಡು ಬರ್ತೀನ್ರಿ ಅಕ್ಕಾರ” ಎಂದ.

ದೊಡ್ಡವ್ವ ಕಟಕಟಿ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿಯ ಬುತ್ತಿ ಕಟ್ಟಿದಳು. “ಗಂಗೂನ್ನೂ ಕರಕೊಂಡ ಹೋಗಪಾ, ಇಕಿ ಒಬ್ಬಾಕಿನ ಅಂಜತಾಳ” ಎಂದು ನನ್ನನ್ನೂ ಜೊತೆಗೆ ಕಳಿಸಿದಳು. ಬಸ್ಸು ತಿಕೋಟಾ ದಾಟುವತನಕ ನಾನು ಶಾಂತಿಗೆ ಕಿವಿ ಮುಟ್ಟಿ ತೋರಿಸಿ, ನಗುತ್ತಾ, ಎಲ್ಲ ಸರಿಯಾಗುತ್ತದೆ ಎಂದು ಕೈ ಮಾಡುತ್ತಲೇ ಇದ್ದೆ.

ಡಾಕ್ಟರು ಒಳ್ಳೆಯ ಮನುಷ್ಯ. ಅವಳ ಬೆನ್ನ ಹಿಂದೆ ಗಂಟೆ ಬಾರಿಸಿದರು, ಚಪ್ಪಾಳೆ ತಟ್ಟಿದರು. ಶಾಂತಿ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ ಕೂತಿದ್ದಳು.

“ಕೇಳೂದು ಇನ್ನ ಬರೂದಿಲ್ರಿ. ಔಷಧಾ ಔಷಧಾ ಅಂತ ಸುಮ್ನ ತಿರಗಬ್ಯಾಡ್ರಿ” ಎಂದರು. “ಹುಡುಗಿ ಚುರುಕ ಐತಿ. ಇಂಥಾ ಮಕ್ಕಳಿಗಂತನ ದೂರದ ಊರಾಗ ಸಾಲಿ ಐತಿ, ಮಾತು ಕಲಸ್ತಾರ. ಅಲ್ಲಿಗೆ ಹಾಕ್ರಿ.”

ಹೊರಗೆ ಬಂದ ಮಾವ ನಮ್ಮಿಬ್ಬರನ್ನೂ ಸ್ಟೇಷನ್ ರಸ್ತೆಯತನಕ ನಡೆಸಿಕೊಂಡು ಬಂದ. ಬಿಸಿಲಿಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. “ಈಗಿಂದೀಗ ಮನಿಗೆ ಹೆಂಗ ಹೋಗೂದ ಗಂಗೂ? ನಿಮ್ಮ ದೊಡ್ಡವ್ವ ಬಾಗಲಾಗ ನಿಂತಿರ್ತಾಳ” ಎಂದು ಕಡೆಗೆ ಅಂದ. ಅಷ್ಟರಲ್ಲಿ ಶಾಂತಿ ನನ್ನ ಕೈ ಜಗ್ಗಿದಳು. ಒಂದು ಟಾಕೀಜಿನ ಗೋಡೆಯ ಮೇಲೆ, ಕೆಂಪು ಮಣ್ಣಿನ ಬಯಲಲ್ಲಿ ಬೆಳ್ಳಿ ಬಣ್ಣದ ಅಂಗಿ ತೊಟ್ಟು, ತಲೆಗೆ ಗಾಜಿನ ಕೊಡ ಹಾಕಿಕೊಂಡ ಮನುಷ್ಯನ ಚಿತ್ರ ಅಂಟಿಸಿದ್ದರು.

“ಇಂಗ್ಲಿಷ್ ಪಿಚ್ಚರ್ ಐತ್ರಿ, ಏನೂ ತಿಳಿಯೂದಿಲ್ಲ” ಎಂದು ಗೇಟಿನವನು ಮೊದಲೇ ಹೇಳಿದ.

“ತಿಳೀದಿದ್ರ ಬಿಡ್ರಿ, ನೆರಳರ ಸಿಗತೈತಲ್ಲ” ಎಂದು ಮಾವ ನಮ್ಮನ್ನು ಒಳಗೆ ಕರೆದುಕೊಂಡು ಹೋದ.

ಒಳಗೆ ಬೀಡಿ ಹೊಗೆ, ಶೇಂಗಾ ಸಿಪ್ಪೆ, ಬೆವರಿನ ವಾಸನೆ. ಪರದೆಯ ಮೇಲೆ ಬಿಳಿಯ ಜನ ಪಿಸಪಿಸ ಮಾತಾಡಿದ್ದೇ ಮಾತಾಡಿದ್ದು. ನನಗೆ ಒಂದಕ್ಷರ ತಿಳಿಯಲಿಲ್ಲ. ಮಾವ ಕೂತಲ್ಲೇ ಗೊರಕೆ ಹೊಡೆದ. ಆಮೇಲೆ ಅವರ ನೌಕೆ ಕೆಂಪು ನೆಲದ ಮೇಲೆ ಇಳಿಯಿತು. ಗಾಜಿನ ಕೊಡ ಹಾಕಿಕೊಂಡು ಇಬ್ಬರು ಹೊರಗೆ ಬಂದರು. ಅವರ ಮಾತಿನ ಯಂತ್ರ ಕೆಟ್ಟಿತು. ಬಾಯಿ ಆಡುತ್ತಿತ್ತು, ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಟಾಕೀಜಿನಲ್ಲಿ ಪೂರ್ತಿ ಸದ್ದು ನಿಂತುಹೋಯಿತು. ಆಗ ಅವರಿಬ್ಬರೂ ಕೈಯಿಂದ ಮಾತಾಡತೊಡಗಿದರು.

ಶಾಂತಿ ಬೆಂಚಿನ ಮೇಲೆ ಎದ್ದು ನಿಂತಳು. “ಏ, ಕುಂದ್ರ ಬೇ!” ಎಂದು ಹಿಂದಿನವರು ಕೂಗಿದರು. ಅವಳಿಗೆ ಅದೆಲ್ಲಿ ಕೇಳಬೇಕು! ಪರದೆಯತ್ತ ಬೆರಳು ಮಾಡಿ, ಎದೆ ಮುಟ್ಟಿಕೊಂಡು, ಮತ್ತೆ ಪರದೆಯತ್ತ ಬೆರಳು ಮಾಡಿದಳು. ಅವರು, ನಾನು. ಅವರು, ನಾನು. ಅಲ್ಲಿ ಒಬ್ಬನ ಕಾಲು ಬಂಡೆಯಡಿ ಸಿಕ್ಕಿತ್ತು. ‘ನೀ ಹೋಗು, ನಾ ಇರತೀನಿ’ ಎಂದು ಅವನು ಕೈ ಮಾಡಿ ಗೆಳೆಯನನ್ನು ಕಳಿಸಿಕೊಟ್ಟ. ಆ ಮಾತು ನನಗೂ ತಿಳಿಯಿತು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗೇಟಿನವನಿಗೂ ತಿಳಿಯಿತು. ನೌಕೆ ಮೇಲೇರಿದಾಗ ಶಾಂತಿಯ ಕೆನ್ನೆಯೆಲ್ಲ ಒದ್ದೆಯಾಗಿತ್ತು.

ಮನೆಗೆ ಬಂದಾಗ ಡಾಕ್ಟರರ ಮಾತು ಕೇಳಿ ದೊಡ್ಡವ್ವ ಅತ್ತಳು. “ಬಾಯಿ ಇಲ್ಲದ ಕೂಸಿನ್ನ ದೂರದ ಊರಿಗೆ ಹೆಂಗ ಕಳಸ್ಲಿ? ಹಸಿವ್ಯಾದ್ರ ಯಾರಿಗೆ ಹೇಳತೈತಿ? ನನ್ನ ಕಣ್ಣ ಮುಂದ ಇರಲಿ” ಎಂದಳು. ದೊಡ್ಡಪ್ಪನೂ ಅವಳ ಮಾತಿಗೇ ಒಪ್ಪಿದ. ಸಾಲಿಯ ಮಾತು ಅಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ತಿಳಿದೆವು.

ಮರುದಿನ ಸಂಜೆ ಓಣಿಯವರು ತಮ್ಮ ಹಕ್ಕಿಗೆ ಬಂದು ಕೂತರು. ಮಾವ ಪಿಚ್ಚರಿನುದ್ದಕ್ಕೂ ಮಲಗಿದ್ದ, ಹೇಳಬೇಕಾದವಳು ನಾನೇ. ತಿಳಿಯದ ಕಥೆ ಹೇಳುವುದು ಹೇಗೆ? “ಒಂದ ಊರಾಗ ಒಬ್ಬ ರಾಜಾ ಇದ್ದ, ಅವಗ ಬೆಳ್ಳಿ ಅಂಗಿ ಇತ್ತು...” ಎಂದು ಶುರು ಮಾಡಿ, ನಡುವೆ ಒಬ್ಬ ಕೆಟ್ಟ ಅತ್ತೆಯನ್ನೂ ತಂದೆ. ಶಾಂತಿ ನನ್ನ ಬಾಯಿ ನೋಡಿದಳೋ, ಜನರ ಸಪ್ಪೆ ಮುಖ ನೋಡಿದಳೋ, ಥಟ್ಟನೆ ನನ್ನ ತೊಡೆಗೆ ಬಾರಿಸಿ ಎದ್ದಳು. ಮನೆಯೊಳಗಿಂದ ರೊಟ್ಟಿಯ ಬುಟ್ಟಿ ತಂದು ತಲೆಯ ಮೇಲೆ ಬೋರಲು ಹಾಕಿಕೊಂಡಳು. ಕೆಸರಲ್ಲಿ ಕಾಲು ಕಿತ್ತಿಡುವವಳಂತೆ ನಿಧಾನಕ್ಕೆ ನಡೆದಳು.

ಮಕ್ಕಳು ಮೊದಲು ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅವಳ ಬೆರಳುಗಳಲ್ಲಿ ನೌಕೆ ಇಳಿಯಿತು, ದೂಳು ಎದ್ದಿತು, ಬಂಡೆ ಉರುಳಿತು. ‘ನೀ ಹೋಗು, ನಾ ಇರತೀನಿ’ ಎಂದು ಅವಳು ಕೈ ಮಾಡಿದಾಗ, ಇಷ್ಟು ವರ್ಷ ಮಗಳೊಡನೆ ಉಣ್ಣು, ಬಾ ಎಂದಷ್ಟೇ ಆಡಿದ್ದ ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. “ಅಯ್ಯ ನನ ಕೂಸ, ಇಷ್ಟೆಲ್ಲಾ ನಿನ್ನ ಹೊಟ್ಟ್ಯಾಗಿತ್ತನ?” ಎಂದಳು.

ಆ ಬೇಸಿಗೆ ಪೂರ್ತಿ ಓಣಿಗೆ ಅದೇ ಪಿಚ್ಚರ್. ಗಜಗ, ಚಿಣಿಫಣಿ ಆಟಗಳೆಲ್ಲ ಮೂಲೆಗೆ ಬಿದ್ದವು. ತಲೆಯ ಮೇಲೆ ಬುಟ್ಟಿ ಹೊತ್ತು ತಿಪ್ಪೆಗುಂಡಿಯ ಸುತ್ತ ನಡೆಯುವುದೇ ಹೊಸ ಆಟವಾಯಿತು, ಕೈಮಾತು ಬಾರದವರನ್ನು ಯಾರೂ ಆಟಕ್ಕೆ ಸೇರಿಸುತ್ತಿರಲಿಲ್ಲ. ಶಾಂತಿ ಹೇಳಿದಷ್ಟೂ ಕಥೆ ಬೆಳೆಯಿತು. ಹಿಂದೆ ಉಳಿದವನು ಸಾಯಲಿಲ್ಲ. ಆ ಕೆಂಪು ನೆಲದಲ್ಲಿ ಕೈಯಿಂದ ಮಾತಾಡುವ ಜನರೇ ಇದ್ದರು, ಅವರು ಅವನಿಗೆ ಜೋಳದ ನುಚ್ಚು, ಮಜ್ಜಿಗೆ ಕೊಟ್ಟರು, ಆಡು ಕೊಟ್ಟರು. ನಾನು ನೋಡಿದ ಎಲ್ಲ ಆಕಾಶದ ಚಿತ್ರಗಳಲ್ಲಿ ಇಂದಿಗೂ ಅದಕ್ಕೇ ಮೊದಲ ಸ್ಥಾನ. ಟಾಕೀಜಿನದಕ್ಕಲ್ಲ, ಶಾಂತಿಯದಕ್ಕೆ.

ಕೈಯಿಂದ ಮಾತಾಡುವವರ ಆ ಊರು ಎಲ್ಲಿದೆ ಎಂದು ಅವಳು ನನ್ನನ್ನು ಕೇಳುತ್ತಲೇ ಇದ್ದಳು. ನಾನು ಆಕಾಶ ತೋರಿಸಿದರೆ ಒಪ್ಪುತ್ತಿರಲಿಲ್ಲ. ಬಸ್ಸಿನ ಚಕ್ರ ತಿರುಗಿಸಿ ತೋರಿಸಿ, ತಿಕೋಟಾದ ರಸ್ತೆಯತ್ತ ಬೆರಳು ಮಾಡುತ್ತಿದ್ದಳು.

ದಿನಾ ಹಿಂದೆ ನಿಂತು ನೋಡುತ್ತಿದ್ದ ದೊಡ್ಡಪ್ಪ ಒಂದು ಸಂಜೆ ಹೆಂಡತಿಗೆ ಹೇಳಿದ: “ಇಷ್ಟ ತಲಿ ಇದ್ದ ಹುಡುಗಿನ್ನ ಆಡಿನ ಹಿಂದ ಅಡ್ಡಾಡಸೂದು ಪಾಪ ಐತಿ. ಸಾಲಿಗೆ ಹೋಗ್ಲಿ.” ದೊಡ್ಡವ್ವ ಈ ಸಲ ಬೇಡ ಎನ್ನಲಿಲ್ಲ. ‘ಅಲ್ಲಿ ನಿನ್ನಂಥವರೇ ಇದ್ದಾರೆ’ ಎಂದು ನಾವೆಲ್ಲ ಶಾಂತಿಗೆ ಕೈಯಲ್ಲಿ ತಿಳಿಸಿದೆವು. ಅದು ಸುಳ್ಳೂ ಆಗಿರಲಿಲ್ಲ. ಮೊದಲ ಮಳೆ ಬಿದ್ದ ಮೇಲೆ, ಹಸಿ ಮಣ್ಣಿನ ವಾಸನೆಯಲ್ಲಿ, ಅವಳು ಟ್ರಂಕು ಹಿಡಿದ ಅಪ್ಪನ ಮುಂದೆ ಆ ಬೆಳ್ಳಿ ಅಂಗಿಯವರ ಹಾಗೆಯೇ ನಿಧಾನಕ್ಕೆ ಕಾಲೆತ್ತಿಡುತ್ತಾ ಬಸ್ಸಿನತನಕ ನಡೆದಳು. ನಾನು ನಗುತ್ತಾ ಅತ್ತೆ.

ದೀಪಾವಳಿಗೆ ಬಂದಳು. ಬಾಗಿಲಲ್ಲಿ ನಿಂತು, ಕುತ್ತಿಗೆಯ ನರ ಉಬ್ಬಿಸಿ, “ಅ...ವ್ವಾ” ಎಂದಳು. ಕೈಯಲ್ಲಿದ್ದ ಮೊರವನ್ನು ಅಲ್ಲೇ ಬಿಟ್ಟು ದೊಡ್ಡವ್ವ ಓಡಿಬಂದಳು. ಓಣಿಗೆಲ್ಲ ಸಕ್ಕರೆ ಹಂಚಿದರು. ಆ ದನಿ ಕೇಳಿದ ಸುಖವನ್ನು ನಾನು ಅಲ್ಲಗಳೆಯುವವಳಲ್ಲ.

ಸಂಜೆ ಮಕ್ಕಳು ಕಟ್ಟೆಗೆ ಓಡಿಬಂದರು. “ಶಾಂತಕ್ಕಾ, ಪಿಚ್ಚರ್ ಹೇಳ!” ಎಂದು ಕೈ ಮಾಡಿ ಕೇಳಿದರು. ಶಾಂತಿ ಎದ್ದು ನಿಂತಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಸಾಲ್ಯಾಗ ಕೈ ಮಾಡಾಕ ಬಿಡೂದಿಲ್ಲಂತ” ಎಂದು ದೊಡ್ಡಪ್ಪ ಜಂಬದಿಂದಲೇ ಹೇಳಿದ. “ಕೈ ಆಡಿಸಿದ್ರ ಬಾಯಿ ಬರೂದಿಲ್ಲಂತಾರ ಮಾಸ್ತರು.”

“ಆ... ಕಾ... ಶ” ಎಂದಳು ಶಾಂತಿ. ಹಣೆಯಲ್ಲಿ ಬೆವರು. ಮಕ್ಕಳು ಕಾದರು. “ಕೆಂ... ಪು” ಎಂದಳು. ಮುಂದಿನ ಮಾತಿಗೆ ತುಟಿಗಳು ತಡಕಾಡಿದವು, ಆದರೆ ಮಾತು ಬರಲಿಲ್ಲ. ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿದ್ದನ್ನು ಪಕ್ಕದಲ್ಲಿದ್ದ ನಾನು ಕಂಡೆ. ಮಕ್ಕಳು ಒಬ್ಬೊಬ್ಬರಾಗಿ ಪಟಾಕಿಯ ಸದ್ದಿನ ಕಡೆ ಸರಿದರು. ಕಡೆಗೆ ಕಟ್ಟೆಯ ಮೇಲೆ ನಾವಿಬ್ಬರೇ ಉಳಿದೆವು.

ಆ ಸಾಲಿಯನ್ನು ನಾನು ಬಯ್ಯುವುದಿಲ್ಲ. ಅಂದಿನ ಕಲಿಸುವ ರೀತಿಯೇ ಅದು, ಅವರ ಮನಸ್ಸೂ ಒಳ್ಳೆಯದೇ. ಶಾಂತಿ ಓದು-ಬರಹ ಕಲಿತಳು, ಹೊಲಿಗೆ ಕಲಿತು ನಾಲ್ಕು ಜನರ ನಡುವೆ ತಲೆಯೆತ್ತಿ ಬಾಳಿದಳು. ಈಗ ಬಬಲೇಶ್ವರದಲ್ಲಿ ಮಗನ ಸಂಸಾರದ ಜೊತೆ ಇದ್ದಾಳೆ. ನಮ್ಮ ಓಣಿಯಲ್ಲಿ ಈಗ ಕಥೆ ಕೇಳಲು ಯಾರೂ ಕಟ್ಟೆಗೆ ಬರುವುದಿಲ್ಲ, ಪ್ರತಿಯೊಬ್ಬರ ಅಂಗೈಯಲ್ಲೂ ಅವರವರ ಪಿಚ್ಚರ್ ಇದೆ. ಅದಕ್ಕೆ ನನ್ನ ತಕರಾರಿಲ್ಲ, ನಾನೂ ನೋಡುವವಳೇ.

ಹೋದ ತಿಂಗಳು ಅವಳ ಮನೆಗೆ ಹೋಗಿ, ಆಕಾಶದ ಒಂದು ಹಳೆಯ ಚಿತ್ರವನ್ನು ಟಿವಿಗೆ ಹಚ್ಚಿಸಿ ಇಬ್ಬರೂ ಕೂತು ನೋಡಿದೆವು. ಮುಗಿದ ಮೇಲೆ ನಾನು ಅವಳತ್ತ ತಿರುಗಿ, ಹೇಗಿತ್ತು ಎಂದು ಕೈ ಮಾಡಿದೆ. ಅವಳ ಕೈ ಮಡಿಲಲ್ಲೇ ಇತ್ತು.

“ಛ...ಲೋ ಐತಿ” ಎಂದಳು ಬಾಯಿಬಿಟ್ಟು, ಸ್ಪಷ್ಟವಾಗಿ.

ಆ ಬೇಸಿಗೆಯಲ್ಲಿ ಪಿಚ್ಚರ್ ಹೇಗಿತ್ತೆಂದು ಕೈಯಲ್ಲಿ ಹೇಳುವುದಕ್ಕೆ ಅವಳಿಗೆ ಒಂದು ಇಡೀ ಸಂಜೆ ಬೇಕಾಗುತ್ತಿತ್ತು, ಕೇಳುವುದಕ್ಕೆ ಇಡೀ ಓಣಿ.