ಇಳಿಯದೆ ಕೂತ ಜಿತೇಶ್

ಪಡೀಲಿನ ಜಿತೇಶ್ ಮಸ್ಕತ್ತಿನಲ್ಲಿ ಬೇಕರಿಯ ವ್ಯಾನು ಓಡಿಸುತ್ತಿದ್ದವನು. ಅಪ್ಪ ನೋಣಯ್ಯನ ಕಿಡ್ನಿ ಕೈಕೊಟ್ಟ ಮೇಲೆ ಊರಿಗೆ ಬಂದ. ಅಲ್ಲಿಂದ ತಂದದ್ದೆಲ್ಲ ಆಸ್ಪತ್ರೆಗೆ ಕರಗಿತು. ಕರಗದೆ ಉಳಿದದ್ದು ಒಂದು ಅಭ್ಯಾಸ. ಪೊಲೀಸರು ನಿಲ್ಲಿಸಿದರೆ ಗಾಜು ಇಳಿಸಿ, ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಸುಮ್ಮನೆ ಕೂತಿರಬೇಕು. ಅಲ್ಲಿ ಇಳಿದು ಬಂದವನನ್ನು ಜಗಳಕ್ಕೆ ಬಂದವನೆಂದು ತಿಳಿಯುತ್ತಾರೆ. ಇಲ್ಲಿ ಇಳಿಯದೆ ಕೂತವನನ್ನು ಹಾಗೆ ತಿಳಿಯುತ್ತಾರೆ. ಇದು ಅವನಿಗೆ ಗೊತ್ತಿರಲಿಲ್ಲ ಅಂತಲ್ಲ, ಗೊತ್ತಿದ್ದೂ ಒಪ್ಪಿರಲಿಲ್ಲ. ತಪ್ಪು ಮಾಡದವನು ಯಾಕೆ ಓಡಿ ಹೋಗಿ ಜೀಪಿನ ಮುಂದೆ ಬಗ್ಗಿ ನಿಲ್ಲಬೇಕು ಎಂದು ಅವನ ವಾದ. ಮೊಬೈಲಿನಲ್ಲಿ ಕಾನೂನಿನ ವಿಡಿಯೋಗಳನ್ನು ನೋಡಿ ನೋಡಿ ಎಲ್ಲ ಬಾಯಿಪಾಠ ಮಾಡಿಕೊಂಡಿದ್ದ.

ನೋಣಯ್ಯನಿಗೆ ವಾರಕ್ಕೆ ಮೂರು ದಿನ ಅತ್ತಾವರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕಾರಿನಲ್ಲಿ ಕರೆದುಕೊಂಡು ಹೋಗುವುದು ಜಿತೇಶನೇ. ಹೇಳಿದ ಹೊತ್ತಿಗೆ ಮುಟ್ಟದಿದ್ದರೆ ಮಿಷನ್ನಿಗೆ ಬೇರೆಯವರನ್ನು ಹಾಕುತ್ತಾರೆ. ಆಮೇಲೆ ಕಾಯಬೇಕು. ಕಾದಷ್ಟೂ ಮುದುಕನ ಮೈಯಲ್ಲಿ ನೀರು ನಿಲ್ಲುತ್ತದೆ, ಉಸಿರು ಮೇಲಾಗುತ್ತದೆ.

ಆ ಮಂಗಳವಾರ ಮಳೆ ಹಿಡಿದುಕೊಂಡಿತ್ತು. ನಾಗುರಿಯ ಹತ್ತಿರ ಪೊಲೀಸರ ವಾಹನ ತಪಾಸಣೆ. ಎಸ್‌ಐ ಸಾಹೇಬರು ಮುಂದೆ ಜೀಪಿನಲ್ಲಿ ಕೂತಿದ್ದರು. ರೈನ್‌ಕೋಟ್ ಹಾಕಿದ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಘಟ್ಟದ ಮೇಲಿನ ಮಾತು ಅವನದು.

"ಇಳೀರಿ ಕೆಳಗ. ಸಾಹೇಬ್ರ ಹತ್ರ ಹೋಗಿ ಕಾಗದ ತೋರಸ್ರಿ."

"ಎಲ್ಲ ಮೊಬೈಲಲ್ಲಿ ಉಂಟು ಸರ್. ಇಲ್ಲೇ ನೋಡಿ," ಎಂದು ಜಿತೇಶ್ ಕೂತಲ್ಲಿಂದಲೇ ಫೋನು ಚಾಚಿದ.

"ಮೊಬೈಲ್ ತಗೊಂಡ್ ನಾ ಏನ್ ಮಾಡ್ಲಿ? ಒರಿಜಿನಲ್ ಒಯ್ದು ತೋರಸ್ರಿ."

"ಡಿಜಿಲಾಕರಿನದ್ದು ಒರಿಜಿನಲ್ ಲೆಕ್ಕವೇ. ಕಾನೂನು ಹಾಗೆ ಉಂಟು."

"ಓಹೋ. ವಕೀಲ್ರೇನ್ರಿ ತಾವು?"

"ಅಲ್ಲ, ಡ್ರೈವರ್."

ಪೊಲೀಸ ಕಿಟಕಿಯೊಳಗೆ ಕೈ ಹಾಕಿ ಕೀ ಎಳೆದುಕೊಂಡ. ವೈಪರ್ ಗಾಜಿನ ನಡುವೆ ನಿಂತಿತು. ಎಸಿಯೂ ನಿಂತಿತು.

"ಕೀ ತೆಗೆಯುವ ಅಧಿಕಾರ ನಿಮಗೆ ಇಲ್ಲ," ಎಂದ ಜಿತೇಶ್. "ನಿಮ್ಮ ಹೆಸರು ಎಂತ? ರೈನ್‌ಕೋಟಿನ ಅಡಿಯಲ್ಲಿ ಕಾಣುವುದಿಲ್ಲ."

"ಇಳಿದ್ ಬಾ, ಸಾಹೇಬ್ರು ಹೇಳ್ತಾರ ನನ್ನ ಹೆಸರು," ಎಂದು ಪೊಲೀಸ ಕೀ ಹಿಡಿದುಕೊಂಡು ಜೀಪಿನ ಕಡೆ ನಡೆದ.

ಹಿಂದಿನ ಸೀಟಿನಿಂದ ನೋಣಯ್ಯ ಹೇಳಿದ, "ಇಳಿ ಮಾರಾಯ. ಹೊತ್ತಾಯ್ತು."

"ನಾನು ಎಂತ ತಪ್ಪು ಮಾಡಿದ್ದೇನೆ ಇಳಿಯಲಿಕ್ಕೆ?"

"ತಪ್ಪು ಮಾಡಿದವರು ಮಾತ್ರ ಇಳಿಯುವುದಾ? ನನಗೆ ಉಸಿರು ಕಟ್ತಾ ಉಂಟು."

"ಸ್ವಲ್ಪ ತಡೆಯಿರಿ ಅಪ್ಪ. ಕೀ ಕೊಡದೆ ಎಲ್ಲಿಗೆ ಹೋಗ್ತಾರೆ?"

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ನೋಣಯ್ಯ ಪ್ರಾಯದಲ್ಲಿ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ಅಬಕಾರಿ ಜೀಪು ಕಂಡರೆ ತಲೆಯ ಮುಟ್ಟಾಳೆ ಟೊಪ್ಪಿ ತೆಗೆದು ಕೈ ಮುಗಿದೇ ಮಕ್ಕಳನ್ನು ಸಾಕಿದವನು. ಈಗ ಊದಿದ ಕಾಲಿಗೆ ಚಪ್ಪಲಿ ಹಿಡಿಯದೆ, ಬರಿಗಾಲಲ್ಲಿ, ಕೊಡೆಯೂ ಇಲ್ಲದೆ ಜೀಪಿನ ಕಡೆ ನಡೆದ. ಜಿತೇಶನ ಕೈ ಬಾಗಿಲಿನ ಹಿಡಿಗೆ ಹೋಯಿತು. ಈಗ ಇಳಿದರೆ ಆಡಿದ ಮಾತೆಲ್ಲ ನುಂಗಿದ ಹಾಗೆ. ಕೈ ಅಲ್ಲೇ ನಿಂತಿತು. ಮುಂದೆ ಜೀಪಿನ ಹತ್ತಿರ ಅಪ್ಪ ಕೈ ಮುಗಿದು ಏನೋ ಹೇಳುತ್ತಿದ್ದ.

ಎಸ್‌ಐ ಮುದುಕನ ಮೊಣಕೈ ಹಿಡಿದುಕೊಂಡು ತಾವೇ ಬಂದರು.

"ಮನುಷ್ಯನೇನಯ್ಯಾ ನೀನು? ಡಯಾಲಿಸಿಸ್ ಪೇಷಂಟನ್ನು ಮಳೆಗೆ ಇಳಿಸಿ ಒಳಗೆ ಬೆಚ್ಚಗೆ ಕೂತಿದ್ದೀಯ. ಮೇಲಿಂದ ಕಾನೂನು ಬೇರೆ."

ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿದ್ದವರೆಲ್ಲ ಬಗ್ಗಿ ನೋಡಿದರು. ಎಸ್‌ಐ ಕೀಯನ್ನು ಜಿತೇಶನಿಗೆ ಕೊಡಲಿಲ್ಲ. ಮುದುಕನ ಅಂಗೈಗೆ ಹಾಕಿದರು.

ಆಸ್ಪತ್ರೆ ಮುಟ್ಟುವಾಗ ಮಂಚದಲ್ಲಿ ಬೇರೆಯವರಿದ್ದರು. ಮಧ್ಯಾಹ್ನದ ಮೇಲೆ ನೋಡುವ ಎಂದರು ನರ್ಸು. ನೋಣಯ್ಯನ ಮೂಗಿಗೆ ಆಕ್ಸಿಜನ್ ಪೈಪು ಸಿಕ್ಕಿಸಿ ಕುರ್ಚಿಯಲ್ಲಿ ಕೂರಿಸಿದರು.

"ನೀವು ಅವರಿಗೆ ಕೈ ಮುಗಿಯಬಾರದಿತ್ತು," ಎಂದ ಜಿತೇಶ್.

"ನನಗೆ ಅದು ಹೊಸತಾ?" ನೋಣಯ್ಯ ಉಸಿರಿಗಾಗಿ ನಿಲ್ಲಿಸಿ ನಿಲ್ಲಿಸಿ ಮಾತಾಡಿದ. "ನೀನು ಅಷ್ಟೆಲ್ಲ ಹೇಳಿದೆಯಲ್ಲ ಮಗ. ಗಾಡಿಯಲ್ಲಿ ಸೀಕಿನವ ಒಬ್ಬ ಇದ್ದಾನೆ ಅಂತ ಒಂದು ಸಲ ಹೇಳಿದೆಯಾ?"

ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿದ್ದರೋ ಏನೋ. ಆದರೆ ಅದು ಪಾಪ ಎಂದು ಕನಿಕರಪಟ್ಟು ಬಿಡುವುದು. ಜಿತೇಶನಿಗೆ ಬೇಕಾಗಿದ್ದದ್ದು ತಾನು ಸರಿ ಎಂದು ಬಿಡುವುದು.

ಮಿಷನ್ನು ಖಾಲಿಯಾಗಿ ಅಪ್ಪನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮೊಬೈಲಿನಲ್ಲಿ ಕಮಿಷನರ್ ಕಚೇರಿಗೆ ದೂರು ಬರೆದ. ಕೀ ಕಿತ್ತದ್ದು, ಹೆಸರು ಕೇಳಿದರೆ ಹೇಳದಿದ್ದದ್ದು, ಎಲ್ಲ ಬರೆದ. 'ಗಾಡಿಯಲ್ಲಿ ರೋಗಿ ಇದ್ದರು. ನಾನು ಹೇಳಲಿಲ್ಲ. ಪೊಲೀಸರು ಹಿಂದಿನ ಸೀಟಿಗೆ ಕಣ್ಣು ಕೂಡ ಹಾಕಲಿಲ್ಲ.' ನಡುವಿನ ಮಾತನ್ನು ಅಳಿಸಿದ. ಉಳಿದದ್ದನ್ನು ಓದಿ ನೋಡಿ, ಅದನ್ನೇ ಪುನಃ ಬರೆದ. ಕಳಿಸಿಬಿಟ್ಟ.

ಕತ್ತಲಾಗುವ ಮೊದಲು ನೋಣಯ್ಯ ಕೈಗೆ ಪಟ್ಟಿ ಸುತ್ತಿಕೊಂಡು ಹೊರಗೆ ಬಂದ. ನಡೆಯುತ್ತಾ ದೂರಿನ ಸಂಗತಿ ಕೇಳಿಸಿಕೊಂಡ. ಕಾರಿನಲ್ಲಿ ಕೂತ ಮೇಲೆ ಕೇಳಿದ, "ಗುರುವಾರ ಯಾವ ದಾರಿಯಲ್ಲಿ ಬರುವುದು?"

"ಅದೇ ದಾರಿಯಲ್ಲಿ. ನಮಗೆ ಎಂತ ಹೆದರಿಕೆ?"

"ನಿನಗೆ ಇಲ್ಲ," ಎಂದ ನೋಣಯ್ಯ. "ನಾನು ಬಸ್ಸಲ್ಲಿ ಬರ್ತೇನೆ."

ಜಿತೇಶ್ ಕಾರು ಸ್ಟಾರ್ಟ್ ಮಾಡಲಿಲ್ಲ. ಆ ಕಾಲಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.