ಹುಸೇನಮ್ಮನ ಕುಬುಸ

ಹೊಸ ತಿಪ್ಪಸಂದ್ರದ ನಮ್ಮ ವಠಾರದ ಕೊನೆಯ ರೂಮಿನಲ್ಲಿ ಹುಸೇನಮ್ಮ ಇದ್ದಳು. ಊರು ರಾಯಚೂರು ಕಡೆ. ಗಂಡ ಅಮರಪ್ಪನಿಗೆ ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಮಗ ಹುಟ್ಟಿದಾಗ, ಕೂಸಾಗಿದ್ದಾಗಲೇ ತೀರಿಕೊಂಡ ತನ್ನ ಅಣ್ಣನ ಹೆಸರನ್ನೇ ಇಟ್ಟಳು: ಭೀಮು. "ನಮ್ಮಣ್ಣ ತಿರುಗಿ ಬಂದಾನ್ರೀ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ವರ್ಷ ತುಂಬುವಷ್ಟರಲ್ಲಿ ಮಗುವಿಗೆ ನಿಲ್ಲದ ಭೇದಿ, ಮೈತುಂಬ ಕಜ್ಜಿ, ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ಶಕ್ತಿಗೆ ಏನಾದರೂ ಕೊಡು ಎಂದು ವಠಾರವೆಲ್ಲ ಉಪದೇಶ ಮಾಡಿತು. ಓನರ್ ಅಕ್ಕಯಮ್ಮ ಟಾನಿಕ್ ಬಾಟಲಿಯನ್ನೇ ತಂದಿಟ್ಟಳು. ಬಾಯಿ ಬಿಟ್ಟರೆ ನಮಗೆ ಉಪದೇಶ ಬಿಟ್ಟು ಇನ್ನೇನು ಬರುತ್ತಿತ್ತು?

ಅದು 2004. ಆಸ್ಪತ್ರೆಗೆ ಅವಳ ಜೊತೆ ನಾನೇ ಹೋಗಿದ್ದೆ. ಹೊರದೇಶಕ್ಕೆ ಕಳಿಸಿದ್ದ ರಕ್ತದ ಫಲಿತಾಂಶ ಬಂದಿತ್ತು.

"ಶಕ್ತಿ ಕಮ್ಮಿ ಆಗಿರೋದಲ್ಲಮ್ಮ" ಎಂದರು ಡಾಕ್ಟರು. "ರಕ್ತದಲ್ಲಿ ಟಿ ಕೋಶ ಅಂತ ಇರ್ತವೆ. ಮೊದಲು ಎಲ್ಲಾ ಒಂದೇ ಥರ. ಒಳಗಿರೋ ಜೀನ್‌ಗಳು ಒಂದನ್ನೊಂದು ಆನ್ ಮಾಡಿ, ಆಫ್ ಮಾಡಿ, ಕೆಲವನ್ನ ರೋಗದ ಮೇಲೆ ಬೀಳೋ ಹಾಗೆ, ಕೆಲವನ್ನ ಹಾಗೆ ಬೀಳೋವು ಮಿತಿ ಮೀರದಂತೆ ತಡೆಯೋ ಹಾಗೆ ಬೆಳೆಸ್ತವೆ. ತಡೆಯೋವನ್ನ ಬೆಳೆಸೋ ಜೀನೇ ಇವನಲ್ಲಿ ಕೆಟ್ಟಿದೆ. ಉಳಿದವು ಇವನ ಕರುಳನ್ನೇ ತಿಂತಿವೆ. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರೋದು. ನಿಮ್ಮ ತವರಲ್ಲಿ ಯಾರಾದ್ರೂ ಹೀಗೆ ಹೋಗಿದ್ದಾರಾ?"

"ಇಬ್ರು" ಎಂದಳು ಹುಸೇನಮ್ಮ. ಅಣ್ಣ ಭೀಮು, ತಮ್ಮ ಮುತ್ತು. ಹಾಗೆನ್ನುತ್ತಲೇ ಅವಳ ಕೈ ಹೊಟ್ಟೆಗೆ ಹೋಯಿತು. ಆಗ ಅವಳಿಗೆ ಮತ್ತೆ ನಾಲ್ಕು ತಿಂಗಳು.

ಡಾಕ್ಟರು ಮರೆಮಾಚಲಿಲ್ಲ. "ಗಂಡಾದ್ರೆ ಅದಕ್ಕೂ ಬರಬಹುದು. ಹೆಣ್ಣಾದ್ರೆ ಕಾಯಿಲೆ ಬರಲ್ಲ. ಹೊಂದಿಕೆಯಾದ್ರೆ ಅದರ ಅಸ್ಥಿಮಜ್ಜೆ ಹಾಕಿ ಇವನನ್ನೂ ಉಳಿಸೋಕೆ ನೋಡಬಹುದು. ಅಲ್ಲೀವರೆಗೆ ಇವನು ತಡ್ಕೋಬೇಕು."

ಏಳು ತಿಂಗಳಿಗೆ ತಾಯಿ ಅಯ್ಯಮ್ಮ ಊರಿನಿಂದ ಬಂದು ಕುಬುಸ ಮಾಡಿದಳು, ನಮ್ಮ ಕಡೆಯ ಸೀಮಂತದ ಹಾಗೆ. ಡಾಕ್ಟರ ಮಾತನ್ನು ಹುಸೇನಮ್ಮ ಅವಳಿಗೆ ಹೇಳಿರಲಿಲ್ಲ. ಇಬ್ಬರು ಮಕ್ಕಳನ್ನು ಮಣ್ಣು ಮಾಡಿದವಳಿಗೆ, ನಿನ್ನ ರಕ್ತದಿಂದಲೇ ಹೋದರು ಎಂದು ಯಾವ ಬಾಯಲ್ಲಿ ಹೇಳುವುದು? ಹಸಿರು ಸೀರೆ, ಹಸಿರು ಬಳೆ ತೊಟ್ಟು ಕೂತವಳ ತೊಡೆಯ ಮೇಲೆ ಭೀಮು ಅಳಲೂ ತ್ರಾಣವಿಲ್ಲದೆ ಮಲಗಿದ್ದ. ಉಡಿ ತುಂಬಿದ ಹೆಂಗಸರೆಲ್ಲ ಗಂಡು ಹಡಿ, ಗಂಡು ಹಡಿ ಎಂದು ಹರಸಿದರು. ಅವರ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು ನನಗೆ.

ಕೊನೆಗೆ ಅಯ್ಯಮ್ಮ ಮಗಳ ಹೊಟ್ಟೆ ಸವರಿದಳು. "ಭೀಮು ಬಂದಾನ. ನನ್ನ ಮುತ್ತೂನೂ ನಿನ್ನ ಹೊಟ್ಟ್ಯಾಗ ಬರ್ಲಿ, ಯವ್ವಾ."

ಹುಸೇನಮ್ಮ ತಾಯಿಯ ಬಾಯಿ ಮುಚ್ಚಿದಳು. "ಬ್ಯಾಡವ್ವಾ. ಅವ ಬರೂದು ಬ್ಯಾಡ."

ಅಯ್ಯಮ್ಮ ಆ ಕೈ ಸರಿಸಿ ಮಗಳ ಮುಖವನ್ನೇ ನೋಡಿದಳು. "ಸಣ್ಣ ಕೂಸು, ನಿನಗೇನ್ ಮಾಡಿತ್ತವ್ವಾ ಅದು?"

ಹುಸೇನಮ್ಮ ಭೀಮುವನ್ನು ಎದೆಗೆ ಒತ್ತಿಕೊಂಡು ಅತ್ತಳು.